ಕೂಡುಮೇಳಗಳ ಏಳುಬೀಳು: ಪ್ರಖ್ಯಾತ ಕಲಾವಿದರ ಒಗ್ಗೂಡುವಿಕೆಯ ಒಂದು ಚಾರಿತ್ರಿಕ ವಿಚಾರ

1. ವಿಷಯ ಪ್ರವೇಶ

ಒಂದು ಕಲೆಯಲ್ಲಿ ಅದಾಗಲೇ ಹೆಸರು ಗಳಿಸಿದ ಹಲವರು ತಂತಮ್ಮ ನೆಲೆಗಳನ್ನು ಬಿಟ್ಟು ಬಂದು, ಸಮಾನಸ್ಕಂಧರಾಗಿ ಕೂಡಿ ಹೊಸದೊಂದು ಮೇಳವನ್ನು ಕಟ್ಟುವುದು ಕಲೆಗಳ ಚರಿತ್ರೆಯಲ್ಲಿ ಆಗಾಗ ಕಂಡುಬರುವ ಸಂಗತಿ. ಪಾಶ್ಚಾತ್ಯ ರಾಕ್ ಸಂಗೀತದ ವಲಯದಲ್ಲಿ ಇಂಥ ಮೇಳಕ್ಕೆ ‘ಸೂಪರ್‌ಗ್ರೂಪ್’ ಎಂಬ ಹೆಸರು 1960ರ ದಶಕದ ಕೊನೆಯ ವೇಳೆಗೆ ಬಳಕೆಗೆ ಬಂದಿತು. ನಮ್ಮ ಕರಾವಳಿಯ ಯಕ್ಷಗಾನದಲ್ಲಿ, ಬೇರೆ ಬೇರೆ ಮೇಳಗಳ ಕಲಾವಿದರು ಒಂದೇ ರಂಗಸ್ಥಳದಲ್ಲಿ ಕೂಡಿ ಆಡುವ ಆಟಕ್ಕೆ ‘ಕೂಡಾಟ’ವೆಂಬ ಮಾತಿದೆ. ಆ ಮಾತನ್ನೇ ಆಧಾರವಾಗಿಟ್ಟುಕೊಂಡು ಈ ಲೇಖನದಲ್ಲಿ ನಾವು ಇಂಥ ಮೇಳವನ್ನು ‘ಕೂಡುಮೇಳ’ವೆಂದು ಕರೆಯುತ್ತೇವೆ.

ಕೂಡುಮೇಳಗಳ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಪ್ರತಿಭಾವಂತರು ಎಷ್ಟು ಮಂದಿ ಕೂಡಿದರೆ ಫಲವೂ ಅಷ್ಟು ಹೆಚ್ಚುತ್ತದೆ ಎಂಬುದು ಒಂದು. ಒಂದೇ ಒರೆಯಲ್ಲಿ ಎರಡು ಕತ್ತಿಗಳು ಇರಲಾರವು ಎಂಬುದು ಇನ್ನೊಂದು. ಎರಡಕ್ಕೂ ಚರಿತ್ರೆಯಲ್ಲಿ ನಿದರ್ಶನಗಳಿವೆ. ಆದುದರಿಂದಲೇ ಎರಡೂ ಪೂರ್ಣ ಸತ್ಯವಲ್ಲ. ಕೆಲವು ಕೂಡುಮೇಳಗಳು ಕೆಲವೇ ತಿಂಗಳುಗಳಲ್ಲಿ ಒಡೆದುಹೋದುವು; ಕೆಲವು ದಶಕಗಳ ಕಾಲ ಬಾಳಿದುವು; ಮತ್ತೆ ಕೆಲವು ಹಿಡಿದ ಕೆಲಸವನ್ನು ಮುಗಿಸಿ ಶಾಂತವಾಗಿ ಚದುರಿದುವು. ಈ ಭೇದಕ್ಕೆ ಕಾರಣವೇನು ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಲಂಡನ್ನಿನವರೆಗೆ ಹೋಗುವ ಮೊದಲು ನಮ್ಮ ನಾಡಿನಲ್ಲಿಯೇ ವಿಚಾರಿಸುವುದು ಯುಕ್ತ. 1960ರಲ್ಲಿ ತೆರೆಕಂಡ ‘ರಣಧೀರ ಕಂಠೀರವ’ ಎಂಬ ಕನ್ನಡ ಚಿತ್ರವನ್ನು ನಿರ್ಮಿಸಿದವರು ರಾಜಕುಮಾರ್, ಜಿ. ವಿ. ಅಯ್ಯರ್, ಬಾಲಕೃಷ್ಣ ಮತ್ತು ನರಸಿಂಹರಾಜು ಎಂಬ ನಾಲ್ವರು ನಟರು. ಅವರು ಕಟ್ಟಿಕೊಂಡ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ನಾವು ಇಲ್ಲಿ ಮುಖ್ಯ ನಿದರ್ಶನವಾಗಿ ಎತ್ತಿಕೊಂಡಿದ್ದೇವೆ. ಅದರ ಜೊತೆಗೆ, ಅದಕ್ಕೂ ಹಿಂದಿನ ಮೈಸೂರಿನ ಒಂದು ನಾಟಕ ಮಂಡಲಿಯನ್ನೂ ಪಶ್ಚಿಮದ ಕೆಲವು ಮೇಳಗಳನ್ನೂ ಹೋಲಿಕೆಗಾಗಿ ಇಟ್ಟುಕೊಳ್ಳುತ್ತೇವೆ.

2. ನಮ್ಮ ಸಂಪ್ರದಾಯದಲ್ಲಿ ಕೂಡಿಕೆಯ ಕ್ರಮ

ಹೆಸರಾಂತವರು ಒಂದೆಡೆ ಕೂಡಿ ಕಲಾಪ್ರದರ್ಶನ ನಡೆಸುವುದು ನಮ್ಮ ಸಂಪ್ರದಾಯಕ್ಕೆ ಹೊಸದಲ್ಲ. ಆದರೆ ಸಂಪ್ರದಾಯವು ಅಂಥ ಕೂಡಿಕೆಗೆ ಕೆಲವು ಕಟ್ಟುಪಾಡುಗಳನ್ನು ವಿಧಿಸಿದೆ ಎಂಬುದನ್ನು ಗಮನಿಸಬೇಕು.

ಯಕ್ಷಗಾನದಲ್ಲಿ ಕೂಡಾಟದಂತೆಯೇ ‘ಜೋಡಾಟ’ವೆಂಬುದೂ ಉಂಟು. ಜೋಡಾಟದಲ್ಲಿ ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಒಂದೇ ಹೊತ್ತಿಗೆ ಆಡುತ್ತವೆ. ಅಲ್ಲಿ ಸ್ಪರ್ಧೆಯೇ ಪ್ರಧಾನ. ಕೂಡಾಟದಲ್ಲಿ ಸ್ಪರ್ಧಿಗಳು ಒಂದೇ ರಂಗಸ್ಥಳಕ್ಕೆ ಬಂದು ಒಂದೇ ಕಥೆಗೆ ಅಧೀನರಾಗುತ್ತಾರೆ. ಪ್ರಖ್ಯಾತರು ಕೂಡಿದಾಗ ಒದಗಬಹುದಾದ ಎರಡು ಪರಿಣಾಮಗಳಿಗೆ ನಮ್ಮವರು ಎರಡು ಬೇರೆ ಹೆಸರುಗಳನ್ನೇ ಇಟ್ಟಂತಾಯಿತು. ಕೂಡಾಟವೆಂದು ಆರಂಭವಾದುದು ಒಳಗೊಳಗೇ ಜೋಡಾಟವಾಗಿ ಮಾರ್ಪಡುವುದೇ ಅನೇಕ ಕೂಡುಮೇಳಗಳ ಪತನದ ಕಥೆ ಎಂಬುದು ಮುಂದೆ ವಿಶದವಾಗುತ್ತದೆ.

ತಾಳಮದ್ದಳೆಯನ್ನು ನೋಡೋಣ. ಶೇಣಿ ಗೋಪಾಲಕೃಷ್ಣ ಭಟ್ಟ, ದೇರಾಜೆ ಸೀತಾರಾಮಯ್ಯ, ಮಲ್ಪೆಯ ಸಾಮಗ ಸಹೋದರರು ಮೊದಲಾದ ಅರ್ಥಧಾರಿಗಳು ಒಬ್ಬೊಬ್ಬರೂ ತಮ್ಮದೇ ಆದ ಅಭಿಮಾನಿ ವರ್ಗವನ್ನುಳ್ಳವರಾಗಿದ್ದರು. ವೇಷವಿಲ್ಲದೆ, ಬರೆದಿಟ್ಟ ಮಾತಿಲ್ಲದೆ, ಎದುರುಬದುರಾಗಿ ಕುಳಿತು ವಾದ ನಡೆಸುವ ಈ ಕಲೆಯಲ್ಲಿ ಒಬ್ಬನು ಇನ್ನೊಬ್ಬನನ್ನು ಮೀರಿಸಲು ಹವಣಿಸುವುದು ಸಹಜ. ಆದರೂ ಆಟ ಕೆಡುವುದಿಲ್ಲ. ಏಕೆಂದರೆ ಪದ್ಯದ ಚೌಕಟ್ಟು ಮೊದಲೇ ಗೊತ್ತಾಗಿರುತ್ತದೆ. ಭೀಷ್ಮನ ಪಾತ್ರಧಾರಿ ಎಷ್ಟೇ ಸಮರ್ಥನಾದರೂ ಕಥೆಯ ಗತಿಯನ್ನು ಬದಲಾಯಿಸಲಾರ. ಮಾತು ಅತಿಯಾದಾಗ ಭಾಗವತನು ಮುಂದಿನ ಪದ್ಯವನ್ನು ಎತ್ತಿಕೊಂಡರೆ ಸಾಕು, ವಾದ ಅಲ್ಲಿಗೆ ನಿಲ್ಲುತ್ತದೆ. ವಾದದಲ್ಲಿ ಪಾಲುಗೊಳ್ಳದೆ ಆಟದ ಸೂತ್ರವನ್ನು ಹಿಡಿದಿರುವ ಒಬ್ಬ ವ್ಯಕ್ತಿ ಅಲ್ಲಿದ್ದಾನೆ ಎಂಬುದು ಮುಖ್ಯವಾದ ಅಂಶ.

ಕರ್ನಾಟಕ ಸಂಗೀತದ ಕಚೇರಿಯೂ ಇಂಥದೇ. ಗಾಯಕನೂ ಪಿಟೀಲುವಾದಕನೂ ಮೃದಂಗವಾದಕನೂ ಒಬ್ಬೊಬ್ಬರೂ ಪ್ರಖ್ಯಾತರಾಗಿರಬಹುದು. ಕೆಲವೊಮ್ಮೆ ಪಕ್ಕವಾದ್ಯದವರ ಹೆಸರಿಗಾಗಿಯೇ ಜನ ಸೇರಿದ್ದುಂಟು. ಮೈಸೂರು ಟಿ. ಚೌಡಯ್ಯನವರು (1895–1967) ಪಿಟೀಲಿನ ನಾದ ದೊಡ್ಡ ಸಭೆಗಳಲ್ಲಿ ಎಲ್ಲರಿಗೂ ಮುಟ್ಟಬೇಕೆಂದು ಏಳು ತಂತಿಗಳ ಪಿಟೀಲನ್ನು ರೂಪಿಸಿದವರು. ಅಂಥ ಗಂಭೀರನಾದದ ವಾದ್ಯವನ್ನು ಕೈಯಲ್ಲಿ ಹಿಡಿದೂ ಅವರು ಆ ಕಾಲದ ಹಿರಿಯ ಗಾಯಕರಿಗೆ ಪಕ್ಕವಾದ್ಯಗಾರರಾಗಿ ಕೀರ್ತಿ ಪಡೆದರು. ಕಚೇರಿಯ ಪದ್ಧತಿಯೇ ಪ್ರತಿಯೊಬ್ಬರಿಗೂ ಸ್ಥಾನವನ್ನೂ ಸರದಿಯನ್ನೂ ನಿಗದಿ ಮಾಡಿದೆ. ಮೃದಂಗದವನಿಗೆ ತನಿ ಆವರ್ತನವುಂಟು. ಆ ಹೊತ್ತಿನಲ್ಲಿ ಗಾಯಕನು ತಾಳ ಹಾಕುತ್ತ ಕೇಳುಗನಾಗಿರುತ್ತಾನೆ. ಕೀರ್ತಿವಂತನ ಅಹಂಕಾರವನ್ನು ಅಳಿಸಿಹಾಕಬೇಕೆಂದು ಸಂಪ್ರದಾಯ ಹಟ ಹಿಡಿಯಲಿಲ್ಲ. ಅದಕ್ಕೆ ಒಂದು ವೇಳೆಯನ್ನು ಗೊತ್ತುಮಾಡಿತು, ಅಷ್ಟೆ.

3. ಮೈಸೂರಿನ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಲಿ

ಸಂಪ್ರದಾಯದ ಕಟ್ಟುಪಾಡು ಇಲ್ಲದೆಡೆಯಲ್ಲಿ ಕಲಾವಿದರು ತಾವೇ ಕಟ್ಟುಪಾಡನ್ನು ಕಂಡುಕೊಳ್ಳಬೇಕಾಗುತ್ತದೆ. ವೃತ್ತಿನಾಟಕ ಕಂಪನಿಗಳಲ್ಲಿ ಈ ತೊಡಕಿಗೆ ಸಾಮಾನ್ಯ ಪರಿಹಾರವೆಂದರೆ ಯಜಮಾನಿಕೆ. 1884ರಲ್ಲಿ ಗುಬ್ಬಿಯಲ್ಲಿ ಆರಂಭವಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಮುಂದೆ ವೀರಣ್ಣನವರ ಒಡೆತನಕ್ಕೆ ಬಂದ ಮೇಲೆ ಅದರಲ್ಲಿ ಎಷ್ಟು ಮಂದಿ ಸಮರ್ಥ ನಟರಿದ್ದರೂ ಕೊನೆಯ ಮಾತು ಒಬ್ಬರದೇ ಆಗಿತ್ತು. ಇಂಥ ಕಂಪನಿಯನ್ನು ನಾವು ಕೂಡುಮೇಳವೆನ್ನುವಂತಿಲ್ಲ; ಅಲ್ಲಿ ನಟರು ಸಂಬಳದವರು.

ಮೈಸೂರಿನ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಲಿಯ ಪ್ರಕರಣ ಬೇರೆ. ಎಂ. ವಿ. ಸುಬ್ಬಯ್ಯನಾಯ್ಡು ಮತ್ತು ಆರ್. ನಾಗೇಂದ್ರರಾಯರು ಇಬ್ಬರೂ ರಂಗಭೂಮಿಯಲ್ಲಿ ಹೆಸರು ಪಡೆದವರು. 1934ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದಲ್ಲಿ ನಾಯ್ಡುಗಳು ಇಂದ್ರಜಿತುವಾಗಿಯೂ ನಾಗೇಂದ್ರರಾಯರು ರಾವಣನಾಗಿಯೂ ಅಭಿನಯಿಸಿದರು. ಆಮೇಲೆ ‘ವಸಂತಸೇನಾ’ (1941), ‘ಸತ್ಯ ಹರಿಶ್ಚಂದ್ರ’ (1943), ‘ಮಹಾತ್ಮಾ ಕಬೀರ್’ (1947) ಎಂಬ ಚಿತ್ರಗಳಲ್ಲಿಯೂ ಇಬ್ಬರೂ ಜೊತೆಯಾಗಿ ಕಾಣಿಸಿಕೊಳ್ಳುತ್ತಾರೆ. ಮಂಡಲಿಯ ‘ಭೂಕೈಲಾಸ’ ನಾಟಕ 1940ರಲ್ಲಿ ತೆಲುಗು ಚಿತ್ರವಾದಾಗ ನಾಯ್ಡುಗಳು ರಾವಣ, ನಾಗೇಂದ್ರರಾಯರು ನಾರದ.

ಈ ಪಟ್ಟಿಯನ್ನು ಸಾವಧಾನವಾಗಿ ನೋಡಿದರೆ ಒಂದು ಕ್ರಮ ಗೋಚರವಾಗುತ್ತದೆ. ‘ಸತ್ಯ ಹರಿಶ್ಚಂದ್ರ’ದಲ್ಲಿಯೂ ‘ಮಹಾತ್ಮಾ ಕಬೀರ್’ನಲ್ಲಿಯೂ ಹೆಸರಿನ ಪಾತ್ರ ನಾಯ್ಡುಗಳದು, ನಿರ್ದೇಶನ ನಾಗೇಂದ್ರರಾಯರದು. ರಂಗದ ನಡುವೆ ನಿಲ್ಲುವವರು ಒಬ್ಬರು, ರಂಗವನ್ನು ರೂಪಿಸುವವರು ಇನ್ನೊಬ್ಬರು. ಇಬ್ಬರೂ ಒಂದೇ ಸ್ಥಾನವನ್ನು ಬಯಸಿದ್ದರೆ ಇಷ್ಟು ಕಾಲದ ಪಾಲುಗಾರಿಕೆ ಸಾಧ್ಯವಾಗುತ್ತಿರಲಿಲ್ಲ ಎಂದು ಊಹಿಸಬಹುದು. 1953ರಲ್ಲಿ ನಾಗೇಂದ್ರರಾಯರು ತಮ್ಮ ಸ್ವಂತ ಸಂಸ್ಥೆಯಿಂದ ‘ಜಾತಕ ಫಲ’ ಚಿತ್ರವನ್ನು ತೆಗೆದರು. ಅಲ್ಲಿಂದ ಮುಂದೆ ಅವರ ಹಾದಿ ಬೇರೆಯಾಯಿತು. ಆದರೆ ಆ ವೇಳೆಗೆ ಇವರ ಕೂಡಿಕೆ ಕನ್ನಡಕ್ಕೆ ಮೊದಲ ವಾಕ್ಚಿತ್ರದ ಮುಖ್ಯ ಪಾತ್ರಧಾರಿಗಳನ್ನೂ ಅದರ ಮುಂದಿನ ಒಂದು ತಲೆಮಾರಿನ ಚಿತ್ರಗಳಿಗೆ ತಳಹದಿಯನ್ನೂ ಒದಗಿಸಿಕೊಟ್ಟಿತ್ತು.

4. ಕನ್ನಡ ಚಲನಚಿತ್ರ ಕಲಾವಿದರ ಸಂಘ

ಇನ್ನು ನಮ್ಮ ಮುಖ್ಯ ನಿದರ್ಶನಕ್ಕೆ ಬರೋಣ. 1950ರ ದಶಕದಲ್ಲಿ ಕನ್ನಡ ಚಿತ್ರೋದ್ಯಮದ ಸ್ಥಿತಿ ದುರ್ಬಲವಾಗಿತ್ತು. ಚಿತ್ರೀಕರಣದ ಬಹುಭಾಗ ನಡೆಯುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ವರ್ಷಕ್ಕೆ ತಯಾರಾಗುತ್ತಿದ್ದ ಕನ್ನಡ ಚಿತ್ರಗಳು ಕೆಲವೇ ಕೆಲವು. ಪರಭಾಷೆಯ ಚಿತ್ರಗಳ ಪೈಪೋಟಿ ಪ್ರಬಲವಾಗಿತ್ತು. ಹೆಸರು ಬಂದ ನಟನಿಗೂ ವರ್ಷವಿಡೀ ಕೆಲಸ ದೊರಕುವ ಭರವಸೆ ಇರಲಿಲ್ಲ. ಕೀರ್ತಿಯುಂಟು, ಜೀವನೋಪಾಯವಿಲ್ಲ ಎಂಬ ಈ ವಿಚಿತ್ರ ಸ್ಥಿತಿಯೇ ಸಂಘದ ಹುಟ್ಟಿಗೆ ಕಾರಣವಾಯಿತು.

ನಾಲ್ವರೂ ವೃತ್ತಿರಂಗಭೂಮಿಯ ಗರಡಿಯಲ್ಲಿ ಪಳಗಿದವರು. ನಂಜನಗೂಡಿನ ಜಿ. ವಿ. ಅಯ್ಯರ್ (1917–2003) ಎಳೆಯ ವಯಸ್ಸಿನಲ್ಲಿಯೇ ಗುಬ್ಬಿ ಕಂಪನಿಯನ್ನು ಸೇರಿದ್ದರು. ಅವರೂ ಬಾಲಕೃಷ್ಣ ಅವರೂ 1943ರ ‘ರಾಧಾರಮಣ’ ಚಿತ್ರದಿಂದಲೇ ತೆರೆಗೆ ಪರಿಚಿತರು. ತಿಪಟೂರಿನ ನರಸಿಂಹರಾಜು (1923–1979) ಮತ್ತು ಗಾಜನೂರಿನ ರಾಜಕುಮಾರ್ (1929–2006) 1954ರ ‘ಬೇಡರ ಕಣ್ಣಪ್ಪ’ದಿಂದ ಪ್ರಸಿದ್ಧಿಗೆ ಬಂದರು, ಆ ಚಿತ್ರದಲ್ಲಿ ಅಯ್ಯರ್ ಅವರೂ ಇದ್ದರು. ಹೀಗೆ ಸಂಘ ಕಟ್ಟುವ ಮೊದಲೇ ಇವರಲ್ಲಿ ಪರಸ್ಪರ ಪರಿಚಯವೂ ಒಂದೇ ಬಗೆಯ ಶಿಸ್ತೂ ಇದ್ದುವು. ಕಂಪನಿಯ ಬಾಳಿನಲ್ಲಿ ಒಂದೇ ಪಂಕ್ತಿಯ ಊಟ, ಒಂದೇ ಬಿಡಾರದ ವಾಸ, ಊರಿಂದೂರಿಗೆ ಸಾಮಾನು ಸಾಗಿಸುವ ಕಷ್ಟ ಇವನ್ನೆಲ್ಲ ಉಂಡವರಿಗೆ ಒಬ್ಬರ ಸ್ವಭಾವ ಇನ್ನೊಬ್ಬರಿಗೆ ತಿಳಿದಿರುತ್ತದೆ.

ಸಂಘದವರು ಮೊದಲು ಮಾಡಿದ್ದು ಚಿತ್ರವನ್ನಲ್ಲ, ನಾಟಕವನ್ನು. ಊರೂರು ತಿರುಗಿ ನಾಟಕಗಳನ್ನಾಡಿ ಹಣ ಕೂಡಿಸಿ, ಆ ಬಲದಿಂದ ಚಿತ್ರ ನಿರ್ಮಾಣಕ್ಕೆ ಕೈಹಾಕಿದರು. ಇದು ಸಾಮಾನ್ಯ ಸಂಗತಿಯೆಂದು ತೋರಬಹುದು. ಆದರೆ ಇದರಲ್ಲಿ ಮಹತ್ವದ ಎರಡು ಅಂಶಗಳು ಅಡಗಿವೆ. ಮೊದಲನೆಯದು, ಕಂಪನಿಯಲ್ಲಿ ಸಂಬಳದವರಾಗಿ ಬೆಳೆದವರು ಇಲ್ಲಿ ತಾವೇ ಯಜಮಾನರಾದರು. ನಷ್ಟವಾದರೆ ನಾಲ್ವರಿಗೂ ನಷ್ಟ, ಲಾಭವಾದರೆ ನಾಲ್ವರಿಗೂ ಲಾಭ. ಎರಡನೆಯದು, ಚಿತ್ರದ ಕೆಲಸ ಮೊದಲಾಗುವ ಮುನ್ನವೇ ಅವರು ಒಟ್ಟಿಗೆ ದಣಿದಿದ್ದರು. ಹಣ ಹಾಕುವ ಮೂರನೆಯವನು ನಾಲ್ಕು ಹೆಸರುಗಳನ್ನು ಆಯ್ದು ಒಂದೆಡೆ ಸೇರಿಸುವುದಕ್ಕೂ, ನಾಲ್ವರು ತಾವೇ ಕೂಡಿ ಹಣ ಹೊಂದಿಸುವುದಕ್ಕೂ ಬಹಳ ಅಂತರವಿದೆ.

ಆರಿಸಿಕೊಂಡ ವಸ್ತುವೂ ಗಮನಾರ್ಹ. ಮೈಸೂರಿನ ಅರಸು ಕಂಠೀರವ ನರಸರಾಜ ಒಡೆಯರು (ಆಳ್ವಿಕೆ 1638–1659) ಬಿಜಾಪುರದ ರಣದುಲ್ಲಾಖಾನನ ದಂಡನ್ನು ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿಸಿದವರು. ತಮ್ಮ ಹೆಸರಿನ ನಾಣ್ಯವನ್ನು ಚಲಾವಣೆಗೆ ತಂದವರು. ಪಟ್ಟಕ್ಕೆ ಬರುವ ಮೊದಲು ಅವರು ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿಯ ಜಟ್ಟಿಯನ್ನು ಸೋಲಿಸಿದರೆಂಬ ಕಥೆ ನಾಡಿನಲ್ಲಿ ಪ್ರಚಲಿತವಾಗಿದೆ. ಚರಿತ್ರೆಯ ವಿದ್ಯಾರ್ಥಿಗಳು ಈ ಕಥೆಯನ್ನೂ ದಾಖಲೆಯನ್ನೂ ಬೇರ್ಪಡಿಸಿ ನೋಡಬೇಕಾದುದು ನ್ಯಾಯ. ಆದರೆ 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾಗಿ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಅಂಥ ಸಮಯದಲ್ಲಿ ಕನ್ನಡದ ಅರಸನೊಬ್ಬನ ಶೌರ್ಯವನ್ನು ಕುರಿತ ಚಿತ್ರಕ್ಕೆ ಕೇವಲ ಮನರಂಜನೆಗಿಂತ ಹೆಚ್ಚಿನ ಅರ್ಥ ಒದಗಿತು. ನಾಲ್ವರ ಕೀರ್ತಿಗಿಂತ ವಸ್ತು ದೊಡ್ಡದಾಗಿತ್ತು. ಅದು ಅವರಲ್ಲಿ ಯಾರೊಬ್ಬರ ಹಳೆಯ ಯಶಸ್ಸಿನ ಪುನರಾವೃತ್ತಿಯೂ ಆಗಿರಲಿಲ್ಲ.

ಕೆಲಸದ ಹಂಚಿಕೆಯನ್ನು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ನಾಯಕ ಪಾತ್ರ ರಾಜಕುಮಾರ್ ಅವರದು. ಚಿತ್ರದ ಬರವಣಿಗೆ ಅಯ್ಯರ್ ಅವರದು. ಬಾಲಕೃಷ್ಣ ಮತ್ತು ನರಸಿಂಹರಾಜು ಹಾಸ್ಯಕ್ಕೂ ಪೋಷಕ ಪಾತ್ರಗಳಿಗೂ ಹೆಸರಾದವರು. ಅವರಿಬ್ಬರ ಹಾಸ್ಯವೂ ಒಂದೇ ಬಗೆಯದಲ್ಲ. ಕುಟಿಲ ಪಾತ್ರಗಳನ್ನೂ ನಗೆಯನ್ನೂ ಒಂದೇ ಉಸಿರಿನಲ್ಲಿ ಬೆರೆಸುವುದು ಬಾಲಕೃಷ್ಣ ಅವರ ವೈಶಿಷ್ಟ್ಯ. ತೆಳ್ಳನೆಯ ದೇಹ, ಚುರುಕಾದ ಮಾತು, ಮುಗ್ಧತೆ ಇವು ನರಸಿಂಹರಾಜು ಅವರವು. ಒಬ್ಬರ ಪಾತ್ರವನ್ನು ಇನ್ನೊಬ್ಬರು ಅಪಹರಿಸುವ ಸಂಭವವೇ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಿರ್ದೇಶನದ ಹೊಣೆಯನ್ನು ನಾಲ್ವರಲ್ಲಿ ಯಾರೂ ವಹಿಸಿಕೊಳ್ಳದೆ ಎನ್. ಸಿ. ರಾಜನ್ ಅವರಿಗೆ ಒಪ್ಪಿಸಿದರು. ತಾಳಮದ್ದಳೆಯಲ್ಲಿ ಭಾಗವತನಿಗೆ ಇರುವ ಸ್ಥಾನವನ್ನು ಇಲ್ಲಿ ಹೊರಗಿನವರೊಬ್ಬರಿಗೆ ಕೊಟ್ಟಂತಾಯಿತು.

ಚಿತ್ರ ಜನಮನ್ನಣೆಯನ್ನು ಗಳಿಸಿತು. ಆದರೆ ಸಂಘ ನಾಲ್ವರ ನಿರ್ಮಾಣಸಂಸ್ಥೆಯಾಗಿ ದೀರ್ಘಕಾಲ ಮುಂದುವರಿಯಲಿಲ್ಲ; ಇಂದು ಅದರ ಹೆಸರು ಉಳಿದಿರುವುದು ಈ ಒಂದು ಚಿತ್ರದಿಂದ. ಇದನ್ನು ವೈಫಲ್ಯವೆನ್ನಬಹುದೆ?

ಅನಂತರದ ಸಂಗತಿಗಳನ್ನು ಪರಿಶೀಲಿಸಿದರೆ ಹಾಗೆನ್ನಲಾಗುವುದಿಲ್ಲ. ಅಯ್ಯರ್ ನಿರ್ದೇಶಕರಾಗಿ ಸ್ವತಂತ್ರ ಹಾದಿಯನ್ನು ಹಿಡಿದರು. ಅವರ ‘ಕಿಲಾಡಿ ರಂಗ’ (1966), ‘ರಾಜಶೇಖರ’ (1967) ಚಿತ್ರಗಳಿಗೆ ರಾಜಕುಮಾರ್ ಅವರೇ ನಾಯಕರು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ರಾಜಕುಮಾರ್ ಹರಿಶ್ಚಂದ್ರನಾದರೆ ನರಸಿಂಹರಾಜು ನಕ್ಷತ್ರಿಕ. 1972ರ ‘ಬಂಗಾರದ ಮನುಷ್ಯ’ದವರೆಗೂ ಅದರಿಂದಾಚೆಗೂ ರಾಜಕುಮಾರ್ ಅವರ ಚಿತ್ರಗಳಲ್ಲಿ ಬಾಲಕೃಷ್ಣ ಅವರ ಪಾತ್ರ ಇದ್ದೇ ಇತ್ತು. ಬಾಲಕೃಷ್ಣ ಬೆಂಗಳೂರಿನ ಹೊರವಲಯದಲ್ಲಿ ಅಭಿಮಾನ್ ಸ್ಟುಡಿಯೋವನ್ನು ಕಟ್ಟಿದರು. ಅಯ್ಯರ್ ಮುಂದೆ ‘ಹಂಸಗೀತೆ’ಯನ್ನೂ (1975) ಸಂಸ್ಕೃತದ ‘ಆದಿ ಶಂಕರಾಚಾರ್ಯ’ವನ್ನೂ (1983) ತೆಗೆದು ಬೇರೆಯೇ ಬಗೆಯ ಕೀರ್ತಿಗೆ ಪಾತ್ರರಾದರು. ಕೂಡಿದ್ದಾಗ ಗಳಿಸಿದ ಆತ್ಮವಿಶ್ವಾಸ ಬೇರೆಯಾದ ಮೇಲೂ ಕೆಲಸಕ್ಕೆ ಬಂದಿತು. ಬೇರೆಯಾದ ಮೇಲೂ ಪರಸ್ಪರ ಕೆಲಸ ನಿಲ್ಲಲಿಲ್ಲ. ಆದುದರಿಂದ ನಾವು ಕೂಡುಮೇಳದ ‘ಚದುರುವಿಕೆ’ಯನ್ನೂ ‘ಒಡೆಯುವಿಕೆ’ಯನ್ನೂ ಎರಡಾಗಿ ಎಣಿಸಬೇಕು. ಸುಗ್ಗಿ ಮುಗಿದ ಮೇಲೆ ಕಣದಿಂದ ಒಕ್ಕಲಿಗರು ಮನೆಗೆ ಹೋಗುವುದು ಒಂದು. ಬೆಳೆ ಹೊಲದಲ್ಲಿರುವಾಗಲೇ ಜಗಳವಾಡಿ ಹೋಗುವುದು ಇನ್ನೊಂದು.

ಇದೇ ಕಾಲದ ಇನ್ನೊಂದು ಕೂಡಿಕೆಯನ್ನು ಇಲ್ಲಿ ಹೋಲಿಸಿ ನೋಡಬಹುದು. ರಾಜಕುಮಾರ್, ಕಲ್ಯಾಣಕುಮಾರ್, ಉದಯಕುಮಾರ್ ಎಂಬ ‘ಕುಮಾರತ್ರಯ’ರನ್ನು ಅಯ್ಯರ್ 1962ರ ‘ಭೂದಾನ’ದಲ್ಲಿ ಒಂದುಗೂಡಿಸಿದರು. ಮೂವರೂ ನಾಯಕಸ್ಥಾನಕ್ಕೆ ಅರ್ಹರು. ಮೂವರಿಗೂ ಪ್ರತ್ಯೇಕ ಪ್ರೇಕ್ಷಕ ವರ್ಗವಿತ್ತು. ಮೂವರೂ ಒಂದೇ ಚಿತ್ರದಲ್ಲಿ ಸೇರಿದ್ದು ತೀರ ವಿರಳ. ಒಂದು ಕಥೆಗೆ ಬೇಕಾದುದು ಸಾಮಾನ್ಯವಾಗಿ ಒಬ್ಬನೇ ನಾಯಕ. ನಾಯಕ, ಕವಿ, ವಿದೂಷಕ ಇವರು ಕೂಡುವಷ್ಟು ಸುಲಭವಾಗಿ ಮೂವರು ನಾಯಕರು ಕೂಡಲಾರರು.

5. ಪಶ್ಚಿಮದ ನಿದರ್ಶನಗಳು

ಈಗ ಪಶ್ಚಿಮದ ಕಡೆಗೆ ತಿರುಗೋಣ. 1966ರಲ್ಲಿ ಲಂಡನ್ನಿನಲ್ಲಿ ಗಿಟಾರುವಾದಕ ಎರಿಕ್ ಕ್ಲಾಪ್ಟನ್, ಬೇಸ್ ಗಿಟಾರಿನ ಜಾಕ್ ಬ್ರೂಸ್, ಡ್ರಮ್ಸ್‌ನ ಜಿಂಜರ್ ಬೇಕರ್ ಕೂಡಿ ‘ಕ್ರೀಮ್’ ಎಂಬ ಮೇಳವನ್ನು ಕಟ್ಟಿದರು. ಹೆಸರಿನ ಅರ್ಥ ‘ಕೆನೆ’. ತಾವೇ ಆ ಕಾಲದ ವಾದಕರಲ್ಲಿ ಕೆನೆಯಂಥವರೆಂಬ ಭಾವ ಅದರಲ್ಲಿಯೇ ಇತ್ತು. ಬ್ರೂಸ್ ಮತ್ತು ಬೇಕರ್ ಇದಕ್ಕೆ ಮೊದಲು ಬೇರೊಂದು ಮೇಳದಲ್ಲಿ ಜೊತೆಗಿದ್ದು ತೀವ್ರವಾಗಿ ಜಗಳವಾಡಿದವರು. ಆ ಹಳೆಯ ವೈಮನಸ್ಯ ಹೊಸ ಮೇಳಕ್ಕೂ ಹಿಂಬಾಲಿಸಿತು. ವೇದಿಕೆಯ ಮೇಲೆ ಮೂವರೂ ದೀರ್ಘವಾದ ಮನೋಧರ್ಮ ವಾದನದಲ್ಲಿ ತೊಡಗುತ್ತಿದ್ದರು. ಮೂವರ ಧ್ವನಿಯೂ ಏರುತ್ತಲೇ ಹೋಗುತ್ತಿತ್ತು. ಒಮ್ಮೆ ತಾನು ನುಡಿಸುವುದನ್ನು ನಡುವೆಯೇ ನಿಲ್ಲಿಸಿದರೂ ಉಳಿದಿಬ್ಬರ ಗಮನಕ್ಕೆ ಅದು ಬರಲಿಲ್ಲವೆಂದು ಕ್ಲಾಪ್ಟನ್ ಮುಂದೆ ಹೇಳಿಕೊಂಡುದುಂಟು. ಒಬ್ಬನು ನುಡಿಸುವಾಗ ಮತ್ತೊಬ್ಬನು ತಾಳ ಹಾಕುತ್ತ ಕೇಳುವ ನಮ್ಮ ಕಚೇರಿಯ ಪದ್ಧತಿಗೆ ಇದು ನೇರ ವಿರುದ್ಧ. ಇಲ್ಲಿ ಕೂಡಾಟ ಜೋಡಾಟವಾಗಿ ಪರಿಣಮಿಸಿತ್ತು. 1968ರ ನವೆಂಬರ್ 26ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೇಳ ವಿದಾಯ ಹೇಳಿತು. ಎರಡು ವರ್ಷಗಳಿಗೆ ಸ್ವಲ್ಪ ಹೆಚ್ಚಿನ ಈ ಅವಧಿಯಲ್ಲಿ ಅದು ಮಾಡಿದ ಕೆಲಸ ಮಾತ್ರ ರಾಕ್ ಸಂಗೀತದ ಗತಿಯನ್ನೇ ಬದಲಿಸಿತೆಂಬುದನ್ನು ಮರೆಯಲಾಗದು.

ಕ್ರೀಮ್ ಮುರಿದ ಮರುವರ್ಷವೇ ಕ್ಲಾಪ್ಟನ್ ಮತ್ತು ಬೇಕರ್, ಸ್ಟೀವ್ ವಿನ್‌ವುಡ್ ಹಾಗೂ ರಿಕ್ ಗ್ರೆಚ್ ಅವರೊಡನೆ ‘ಬ್ಲೈಂಡ್ ಫೇತ್’ ಮೇಳವನ್ನು ಕಟ್ಟಿದರು. ಹೆಸರಿನ ಅರ್ಥ ‘ಕುರುಡು ನಂಬಿಕೆ’. 1969ರ ಜೂನ್ 7ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಭಾರಿ ಜನಸ್ತೋಮದ ಮುಂದೆ ಮೊದಲ ಕಚೇರಿ ನಡೆಯಿತು. ಒಟ್ಟಿಗೆ ಕಲಿಯಲು ಬೇಕಾದ ವೇಳೆ ಸಿಗುವ ಮೊದಲೇ ಖ್ಯಾತಿ ಬಂದು ಕುಳಿತಿತ್ತು. ಅಮೆರಿಕದ ಪ್ರವಾಸದಲ್ಲಿ ಅವರ ಹೊಸ ಹಾಡುಗಳು ಸಾಲದೆ ಹೋದುವು. ಜನರು ಅವರವರ ಹಿಂದಿನ ಮೇಳಗಳ ಹಾಡುಗಳನ್ನೇ ಬಯಸಿದರು. ಒಂದು ಧ್ವನಿಮುದ್ರಿಕೆ ಹೊರಬಂದು ಬ್ರಿಟನ್ನಿನಲ್ಲಿಯೂ ಅಮೆರಿಕದಲ್ಲಿಯೂ ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿತು. ಆದರೂ ಅದೇ ವರ್ಷದೊಳಗೆ ಮೇಳ ಇಲ್ಲವಾಯಿತು. ಇಲ್ಲಿ ಕೊರತೆಯಾದುದು ಪ್ರತಿಭೆಯಲ್ಲ, ಹಣವಲ್ಲ, ಪ್ರೇಕ್ಷಕರಲ್ಲ. ಹಣ್ಣಾಗುವ ಮುನ್ನ ಕಾಯನ್ನು ಸಂತೆಗೆ ತಂದದ್ದೇ ದೋಷ.

ಇದಕ್ಕೆ ಪ್ರತಿಯಾಗಿ ‘ಟ್ರಾವೆಲಿಂಗ್ ವಿಲ್ಬರೀಸ್’ ಮೇಳದ ಕಥೆಯನ್ನು ನೋಡಬಹುದು. 1988ರಲ್ಲಿ ಜಾರ್ಜ್ ಹ್ಯಾರಿಸನ್, ಬಾಬ್ ಡಿಲನ್, ರಾಯ್ ಆರ್ಬಿಸನ್, ಟಾಮ್ ಪೆಟ್ಟಿ, ಜೆಫ್ ಲಿನ್ ಎಂಬ ಐವರು ಹ್ಯಾರಿಸನ್ನರ ಒಂದು ಬಿಡಿಹಾಡಿಗೆ ನೆರವಾಗಲೆಂದು ಕೂಡಿ, ಆ ಹಾಡು ಚೆನ್ನಾಗಿ ಬಂದುದರಿಂದ ಇಡೀ ಒಂದು ಧ್ವನಿಮುದ್ರಿಕೆಯನ್ನೇ ತಯಾರಿಸಿದರು. ಇವರಷ್ಟು ಹೆಸರುವಾಸಿಗಳು ಒಂದೆಡೆ ಕೂಡಿದ್ದು ಅಪರೂಪ. ಆದರೂ ಧ್ವನಿಮುದ್ರಿಕೆಯ ಮೇಲೆ ಅವರ ನಿಜನಾಮಗಳ ಬದಲು ಕಲ್ಪಿತ ನಾಮಗಳಿದ್ದುವು; ಐವರೂ ವಿಲ್ಬರಿ ಎಂಬ ಒಂದೇ ಮನೆತನದ ಸೋದರರೆಂದು ತಮಾಷೆಗೆ ಹೇಳಿಕೊಂಡರು. ಇದು ಹುಡುಗಾಟವೆಂದು ತೋರಿದರೂ ಇದರಲ್ಲಿ ವಿವೇಕವಿದೆ: ಹೆಸರನ್ನು ಬಾಗಿಲಲ್ಲಿ ಇಟ್ಟು ಒಳಗೆ ಬಂದವರಿಗೆ ಹೆಸರಿನ ಜಗಳವಿಲ್ಲ. ಅವರು ಕಚೇರಿಗಳ ಪ್ರವಾಸಕ್ಕೂ ಹೊರಡಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಆರ್ಬಿಸನ್ ತೀರಿಕೊಂಡರು. ಉಳಿದ ನಾಲ್ವರು 1990ರಲ್ಲಿ ಇನ್ನೊಂದು ಧ್ವನಿಮುದ್ರಿಕೆಯನ್ನು ಹೊರತಂದು ಕೆಲಸ ಮುಗಿಸಿದರು. ಇದೂ ಚದುರುವಿಕೆಯೇ ಹೊರತು ಒಡೆಯುವಿಕೆಯಲ್ಲ.

ಪೂರ್ವಪಶ್ಚಿಮಗಳು ಕೂಡಿದ ‘ಶಕ್ತಿ’ ಮೇಳವನ್ನು ಕೊನೆಗೆ ಹೆಸರಿಸಬೇಕು. 1970ರ ದಶಕದಲ್ಲಿ ಗಿಟಾರುವಾದಕ ಜಾನ್ ಮೆಕ್‌ಲಾಫ್ಲಿನ್, ಪಿಟೀಲಿನ ಎಲ್. ಶಂಕರ್, ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಇದನ್ನು ಕಟ್ಟಿದರು. ನಾಲ್ವರ ವಾದ್ಯಗಳೂ ಬೇರೆ. ಹಿಂದೂಸ್ತಾನಿ, ಕರ್ನಾಟಕ, ಜಾಸ್ ಎಂಬ ಹಿನ್ನೆಲೆಗಳೂ ಬೇರೆ. ಆದರೆ ಸರದಿ ಬಂದಾಗ ನುಡಿಸಿ ಉಳಿದ ಹೊತ್ತು ಕೇಳುವ ಕಚೇರಿಯ ಶಿಸ್ತು ಅವರಲ್ಲಿತ್ತು. ಮೇಳ 1970ರ ದಶಕದ ಕೊನೆಯಲ್ಲಿ ಚದುರಿತು, 1997ರಲ್ಲಿ ಮತ್ತೆ ಕೂಡಿತು, ಸದಸ್ಯರು ಬದಲಾದರು, ಸಂಪ್ರದಾಯ ಮುಂದುವರಿಯಿತು. 2023ರಲ್ಲಿ ಹೊರಬಂದ ಅದರ ಧ್ವನಿಮುದ್ರಿಕೆಗೆ 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜಾಕಿರ್ ಹುಸೇನ್ ನಿಧನರಾದರು. ಜಗಳವಾಡದೆ ಚದುರಿದವರು ಎರಡು ದಶಕಗಳ ಅನಂತರವೂ ಮತ್ತೆ ಕೂಡಬಲ್ಲರೆಂಬುದಕ್ಕೆ ಇದು ಸಾಕ್ಷಿ.

6. ಫಲಿತಾಂಶ

ಮೇಲಿನ ನಿದರ್ಶನಗಳಿಂದ ಕೆಲವು ಸಾಮಾನ್ಯ ನಿರ್ಣಯಗಳನ್ನು ತೆಗೆಯಬಹುದು. ಕೂಡುಮೇಳದ ಬಾಳು ಅದರ ಸದಸ್ಯರ ಪ್ರತಿಭೆಯ ಪ್ರಮಾಣವನ್ನು ಅವಲಂಬಿಸಿಲ್ಲ. ಕ್ರೀಮ್ ಮೇಳದವರ ಪ್ರತಿಭೆಯನ್ನು ಯಾರೂ ಅಲ್ಲಗಳೆಯಲಾರರು. ಅದು ಮೊದಲನೆಯದಾಗಿ ಅವಲಂಬಿಸಿರುವುದು ಸಾಮರ್ಥ್ಯಗಳ ಭಿನ್ನತೆಯನ್ನು: ಒಬ್ಬರಿಂದ ಆಗದುದು ಇನ್ನೊಬ್ಬರಿಂದ ಆಗುವಂತಿರಬೇಕು. ಎರಡನೆಯದಾಗಿ, ಎಲ್ಲರ ಕೀರ್ತಿಗಿಂತಲೂ ದೊಡ್ಡದಾದ ಒಂದು ಕಾರ್ಯ ಮುಂದಿರಬೇಕು. ಆ ಕಾರ್ಯ ಹೊಸದಾಗಿರಬೇಕು. ಮೂರನೆಯದಾಗಿ, ಸೂತ್ರ ಹಿಡಿಯುವವನೊಬ್ಬನನ್ನು ಎಲ್ಲರೂ ಒಪ್ಪಿರಬೇಕು. ಅವನು ಒಬ್ಬ ವ್ಯಕ್ತಿಯಾಗಿರಬಹುದು, ಇಲ್ಲವೆ ಕಚೇರಿಯಂಥ ಒಂದು ಪದ್ಧತಿಯಾಗಿರಬಹುದು. ನಾಲ್ಕನೆಯದಾಗಿ, ಹೊರೆಯೂ ಲಾಭವೂ ಸಮವಾಗಿ ಹಂಚಿಕೆಯಾಗಿರಬೇಕು. ಕೊನೆಯದಾಗಿ, ಕೆಲಸಕ್ಕೆ ಒಂದು ಮಿತಿ ಇರುವುದು ದೋಷವಲ್ಲ, ಗುಣ. ಎಂದೆಂದಿಗೂ ಕೂಡಿರುತ್ತೇವೆಂದು ಹೊರಟವರಿಗಿಂತ, ಇದಿಷ್ಟನ್ನು ಮಾಡುತ್ತೇವೆಂದು ಹೊರಟವರು ಸ್ನೇಹವನ್ನು ಉಳಿಸಿಕೊಂಡಿದ್ದಾರೆ.

ಇಲ್ಲಿ ಚರಿತ್ರೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಕೂಡುಮೇಳ ಚದುರಿದ ಮೇಲೆ ಅದರ ದಾಖಲೆಗಳಿಗೆ ವಾರಸುದಾರರಿಲ್ಲದಂತಾಗುತ್ತದೆ. ನಾಯಕನಟನ ಜೀವನಚರಿತ್ರೆಯನ್ನು ಹಲವರು ಬರೆಯುತ್ತಾರೆ. ಸಂಘದ ಚರಿತ್ರೆಯನ್ನು ಬರೆಯುವವರಿಲ್ಲ. ಕಾಲಕ್ರಮದಲ್ಲಿ ನಾಲ್ವರ ದುಡಿಮೆ ಒಬ್ಬರ ಸಾಧನೆಯೆಂದು ಎಣಿಕೆಯಾಗುತ್ತದೆ. ‘ರಣಧೀರ ಕಂಠೀರವ’ವನ್ನು ರಾಜಕುಮಾರ್ ಅವರ ಚಿತ್ರವೆಂದು ಬಲ್ಲವರು ಅಸಂಖ್ಯಾತರು, ಅದು ನಾಲ್ವರು ಊರೂರು ಅಲೆದು ದುಡಿದ ಹಣದ ಫಲವೆಂದು ಬಲ್ಲವರು ಎಷ್ಟು ಮಂದಿ? ಕಲೆಯ ಚರಿತ್ರೆಯನ್ನು ಮಹಾಪುರುಷರ ಪಟ್ಟಿಯನ್ನಾಗಿ ಬರೆಯುವ ಅಭ್ಯಾಸದಿಂದ ನಾವು ಬಿಡಿಸಿಕೊಳ್ಳಬೇಕಾದರೆ ಕೂಡಿಕೆಯ ದಾಖಲೆಗಳನ್ನು ಹುಡುಕಬೇಕು.

ಅಂಥ ದಾಖಲೆಗಳು ಮೈಸೂರಿನಲ್ಲಿಯೇ ಎಷ್ಟೋ ಇದ್ದಿರಬೇಕು. ನಮ್ಮ ಹೆಬ್ಬಾಳ ಇಂದು ಕಾರ್ಖಾನೆಗಳಿಗೂ ತಂತ್ರಾಂಶ ಉದ್ಯಮಕ್ಕೂ ಹೆಸರಾಗಿದೆ. ಆದರೆ ನಗರದ ಇದೇ ಪಡುವಣ ಭಾಗದಲ್ಲಿ, ಹುಣಸೂರು ರಸ್ತೆಯ ಪ್ರೀಮಿಯರ್ ಸ್ಟುಡಿಯೋದಲ್ಲಿ, ಒಂದು ಕಾಲಕ್ಕೆ ಹಲವು ಭಾಷೆಗಳ ಚಿತ್ರಗಳು ತಯಾರಾಗುತ್ತಿದ್ದುವು. 1989ರ ಫೆಬ್ರವರಿಯಲ್ಲಿ ಒಂದು ದೂರದರ್ಶನ ಧಾರಾವಾಹಿಯ ಚಿತ್ರೀಕರಣದ ವೇಳೆ ಅಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ ಅರುವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಸತ್ತವರಲ್ಲಿ ಹೆಚ್ಚಿನವರು ತೆರೆಯ ಮೇಲೆ ಹೆಸರು ಬಾರದ ಕೆಲಸಗಾರರು. ಯಾವ ಮೇಳವೂ ಮುಂದೆ ಕಾಣುವ ನಾಲ್ಕೈದು ಮಂದಿಯಿಂದಷ್ಟೇ ಆಗುವುದಿಲ್ಲವೆಂಬುದನ್ನು ಆ ದುರಂತ ಕಟುವಾಗಿ ನೆನಪಿಗೆ ತರುತ್ತದೆ.

ನಾಟಕದ ಕರಪತ್ರ, ಕಂಪನಿಯ ಲೆಕ್ಕದ ಪುಸ್ತಕ, ಪಾಲುಗಾರಿಕೆಯ ಕರಾರುಪತ್ರ, ಪ್ರವಾಸದ ವೇಳೆ ಬರೆದ ಕಾಗದ ಇವು ಇನ್ನೂ ಕೆಲವು ಮನೆಗಳ ಅಟ್ಟದ ಮೇಲೆ ಉಳಿದಿರಬಹುದು. ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ನಾಟಕದ ಬಿಡಾರ ಎಲ್ಲಿ ಇಳಿಯುತ್ತಿತ್ತು, ಟಿಕೀಟಿನ ದರವೆಷ್ಟಿತ್ತು, ಕಲೆಕ್ಷನ್ ಯಾರ ಕೈ ಸೇರುತ್ತಿತ್ತು ಎಂದು ಹಿರಿಯರನ್ನು ಕೇಳಿ ಬರೆದಿಟ್ಟರೆ ಅದು ಸಣ್ಣ ಕೆಲಸವಲ್ಲ. ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಕಲಾವಿದರು ಏಕೆ ಬೇರೆಯಾದರು ಎಂಬುದನ್ನು ಜನರು ಹೇಗೂ ನೆನಪಿಡುತ್ತಾರೆ. ಅವರು ಹೇಗೆ ಕೂಡಿದರು ಎಂಬುದನ್ನು ಬರೆದಿಡುವ ಹೊಣೆ ಚರಿತ್ರೆಕಾರರದು.